ಎರಡನೇ ಜಾಗ ಖಾಲಿ ಇಲ್ಲ

ಬಿದ್ದವಳ ಮುಂದೆ ಅವನು ಸುಮ್ಮನೆ ನಿಂತಿದ್ದ!

ಇನ್ನೂ ಸೂರ್ಯ ಹುಟ್ಟಿರಲಿಲ್ಲ. ಬಂಡೆಯ ಏರಿನಲ್ಲಿ ಅವಳ ಕಾಲು ಜಾರಿತ್ತು. ಅಂಗೈ ತರಚಿತ್ತು. ಹೆಗಲ ಮೇಲಿದ್ದ ಯೋಗದ ಚಾಪೆ ಉರುಳಿಕೊಂಡು ಹೋಗಿ ಪೊದೆಯೊಂದಕ್ಕೆ ಸಿಕ್ಕಿಕೊಂಡಿತ್ತು. ಹಿಂದೆ ಸಾಲಾಗಿ ಬರುತ್ತಿದ್ದವರೆಲ್ಲ ನಿಂತು ನೋಡುತ್ತಿದ್ದರು. ಬೆಟ್ಟದ ಮೇಲೆ ಯೋಗ ಹೇಳಿಕೊಡಲು ಬಂದ ಹೊಸ ಟೀಚರ್, ಬಂದ ಮೊದಲ ದಿನವೇ ನೆಲ ಹಿಡಿದಿದ್ದಳು.

"ಕೈ ಬೇಕಾ?" ಎಂದ ಗೈಡ್.

ಅವಳಿಗೆ ಮೈಯೆಲ್ಲಾ ಉರಿಯಿತು. ಇದೇನು ಕೇಳುವ ಮಾತೇ! ಬಿದ್ದವರನ್ನು ಕಂಡರೆ ಯಾರಾದರೂ ತಾವಾಗಿಯೇ ಕೈ ಚಾಚುತ್ತಾರೆ. ಇವನು ಅಂಗಡಿಯವನು 'ಚೀಲ ಬೇಕಾ' ಎಂದು ಕೇಳಿದ ಹಾಗೆ ಕೇಳುತ್ತಿದ್ದಾನೆ...

"ಬೇಡ!"

"ಸರಿ."

ಅಷ್ಟೇ. ಅವನು ಒಂದು ಹೆಜ್ಜೆ ಕೆಳಗಿಳಿದು ಅವಳ ಪಾದದ ಬಳಿ ಬಂದು, ತನ್ನ ದಪ್ಪ ಬೂಟನ್ನು ಬಂಡೆಯ ಸೀಳಿಗೆ ಒತ್ತಿ ಊರಿ ನಿಂತ. ಹಣೆಗೆ ಕಟ್ಟಿಕೊಂಡಿದ್ದ ಟಾರ್ಚನ್ನು ಅವಳ ಕಣ್ಣಿಗೆ ಬೀಳದಂತೆ ಪಕ್ಕಕ್ಕೆ ತಿರುಗಿಸಿದ. ಮತ್ತೆ ಕಾದ. ಅವಸರವಿಲ್ಲ, ಗಾಬರಿಯಿಲ್ಲ, 'ಅಯ್ಯೋ ಪಾಪ' ಇಲ್ಲ.

'ಎಂಥ ಕಲ್ಲುಮನುಷ್ಯ!' ಎಂದುಕೊಂಡು ಆ ಸಿಟ್ಟಿನಲ್ಲೇ ಎದ್ದಳು. ಏಳುವಾಗ ಗೊತ್ತಾಯಿತು, ಮತ್ತೆ ಜಾರಿದ್ದರೂ ಅವಳ ಕಾಲು ಹೋಗಿ ತಾಗುತ್ತಿದ್ದದ್ದು ಅವನ ಬೂಟಿಗೇ. ಅದಕ್ಕಿಂತ ಕೆಳಗೆ ಅವಳು ಹೋಗುವಂತೆಯೇ ಇರಲಿಲ್ಲ.

ಅವನು ಪೊದೆಯಿಂದ ಚಾಪೆ ಬಿಡಿಸಿ ತಂದುಕೊಟ್ಟು, ಅವಳ ಶೂ ಕಡೆ ನೋಡಿದ.

"ಈ ಶೂ ಅಂಗಡಿ ಸುತ್ತೋಕೆ ಚೆನ್ನಾಗಿದೆ. ಅಡಿ ನುಣ್ಣಗಿದೆ. ಬೆಟ್ಟಕ್ಕೆ ಆಗಲ್ಲ. ಇವತ್ತಿಂದ ನನ್ನ ಹಿಂದೇನೇ ಬನ್ನಿ. ಮೊದಲು ನಾನು, ಆಮೇಲೆ ನೀವು, ಆಮೇಲೆ ಉಳಿದೋರು."

ಹೀಗೆ ಅವಳಿಗೆ ಎರಡನೇ ಜಾಗ ಸಿಕ್ಕಿತು.

*

ಬೆಟ್ಟದ ನೆತ್ತಿಯಲ್ಲಿ ಚಪ್ಪಟೆಯಾದ ದೊಡ್ಡ ಬಂಡೆ. ಪ್ರತಿ ಭಾನುವಾರ ಬೆಳಕು ಹರಿಯುವ ಮೊದಲು ಹೊರಟ ತಂಡ ಅಲ್ಲಿಗೆ ಬಂದು, ಸೂರ್ಯ ಏಳುವ ಹೊತ್ತಿಗೆ ಯೋಗ ಮಾಡಿ, ಅಲ್ಲೇ ಬಯಲಲ್ಲಿ ಕೂತು ತಿಂಡಿ ತಿಂದು ಇಳಿಯುವುದು ರೂಢಿ. ತಿಂಡಿಯ ಹೊಣೆ ಅವಳ ಅಕ್ಕನದು. ಊರಿನಲ್ಲಿ ಸಣ್ಣ ಕ್ಯಾಂಟೀನ್ ನಡೆಸುವ ಅಕ್ಕ, ಹಿಂಬದಿಯ ಮಣ್ಣು ರಸ್ತೆಯಲ್ಲಿ ಹಳೇ ವ್ಯಾನು ಏರಿಸಿಕೊಂಡು ಬಂದು ಬುಟ್ಟಿಗಳನ್ನು ಇಳಿಸುತ್ತಾಳೆ. ಹಿಂದಿನ ಯೋಗದ ಟೀಚರ್ ಬಿಟ್ಟು ಹೋದಾಗ, "ನನ್ನ ತಂಗಿ ಇದ್ದಾಳಲ್ಲ!" ಎಂದು ಇವಳನ್ನು ಸೇರಿಸಿದ್ದೂ ಅಕ್ಕನೇ.

ಚಾಪೆ ಹಾಸಿದ ಮೇಲೆ ಅವಳು ಬೇರೆಯೇ ಹೆಂಗಸು. ದನಿ ತಾನಾಗಿ ಇಳಿಯುತ್ತದೆ, ಬೆನ್ನು ನೇರವಾಗುತ್ತದೆ. ಸಾಲುಗಳ ನಡುವೆ ಓಡಾಡುತ್ತಾ ಒಬ್ಬೊಬ್ಬರನ್ನೂ ತಿದ್ದುತ್ತಾಳೆ. ಆದರೆ ಯಾರ ಮೈಯನ್ನೂ ಕೇಳದೆ ಮುಟ್ಟುವುದಿಲ್ಲ.

"ಭುಜ ಸ್ವಲ್ಪ ಕೆಳಗೆ ಬರ್ಬೇಕು. ಮುಟ್ಟಲಾ?"

ಹೂಂ ಅಂದರೆ ಮಾತ್ರ ಕೈ ಇಡುತ್ತಾಳೆ. ಅದು ಅವಳ ಕಟ್ಟುನಿಟ್ಟು.

ಕೊನೆಯ ಸಾಲಿನಲ್ಲಿ ಗೈಡ್ ಒಂಟಿ ಕಾಲಲ್ಲಿ ವೃಕ್ಷಾಸನ ಮಾಡುತ್ತಿದ್ದ. ವೃಕ್ಷ ಅನ್ನುವುದಕ್ಕಿಂತ ಗಾಳಿಗೆ ಸಿಕ್ಕಿದ ಬಾಳೆಗಿಡ! ಅವಳು ಹತ್ತಿರ ಹೋದಳು. ಬಾಯಿ ತೆರೆದಳು... ಹಾಗೇ ತಿರುಗಿ ಬಂದುಬಿಟ್ಟಳು.

'ಈಗಷ್ಟೇ ಇವನಿಗೆ ಬೇಡ ಅಂದಿದ್ದೀನಿ. ಬಿದ್ರೆ ಬೀಳ್ಲಿ!'

ತಿಂಡಿಯ ಹೊತ್ತಿಗೆ ಅಕ್ಕ ಮೊಟ್ಟೆ ಸುಲಿಯುತ್ತಾ ಪಕ್ಕದಲ್ಲಿ ಕೂತಳು.

"ಏನೇ ಪುಟ್ಟಿ, ಬಿದ್ಯಂತೆ?"

"ಯಾರು ಹೇಳಿದ್ದು?"

"ಯಾರು ಹೇಳ್ಲಿಲ್ಲ ಅಂತ ಕೇಳು! ಆ ಗುಡ್ಡಪ್ಪ ಕೈಯಾದ್ರೂ ಕೊಟ್ನಾ?" ಗೈಡ್‌ಗೆ ಅಕ್ಕ ಇಟ್ಟ ಹೆಸರು ಅದು. ತಂಡದವರೆಲ್ಲ ಅದನ್ನೇ ಹಿಡಿದುಕೊಂಡಿದ್ದರು.

"ಬೇಕಾ ಅಂತ ಕೇಳ್ದ. ಬೇಡ ಅಂದೆ."

"ಅಷ್ಟಕ್ಕೇ ಬಿಟ್ನಾ?"

"ಬಿಟ್ಟ."

ಅಕ್ಕನ ಕೈ ಮೊಟ್ಟೆಯ ಮೇಲೆ ಹಾಗೇ ನಿಂತಿತು. ಕಣ್ಣರಳಿಸಿದಳು.

"ಲೇ... ನೀನು ಬೇಡ ಅಂದಿದ್ದನ್ನ ಬೇಡ ಅಂತಲೇ ತಿಳ್ಕೊಂಡ ಮೊದಲನೇ ಗಂಡಸು ಕಣೇ ಇವನು!"

"ಸುಮ್ನಿರೇ!" ಎಂದು ಅಕ್ಕನ ತೊಡೆಗೆ ಚಿವುಟಿದಳು. ಆದರೆ ಆ ಮಾತು ಎದೆಯಲ್ಲಿ ಎಲ್ಲೋ ಹೋಗಿ ಕೂತಿತು.

*

ಬಿಟ್ಟು ಬಂದ ಗಂಡ ಕೆಟ್ಟವನಾಗಿರಲಿಲ್ಲ. ಯಾರಿಗೆ ಹೇಳಿದರೂ ಅರ್ಥವಾಗದಿದ್ದದ್ದು ಇದೇ. ಹೊಡೆಯುವವನಲ್ಲ, ಬೈಯುವವನಲ್ಲ. "ನಿಂಗಾಗಲ್ಲ, ಬಿಡು" ಎನ್ನುವವನು. ಅದೂ ಪ್ರೀತಿಯಿಂದ!

ಗಾಡಿ ಓಡಿಸುವುದು ನಿಂಗಾಗಲ್ಲ. ಬ್ಯಾಂಕಿಗೆ ಹೋಗುವುದು ನಿಂಗಾಗಲ್ಲ. ಒಬ್ಬಳೇ ರೈಲು ಹತ್ತುವುದು ನಿಂಗಾಗಲ್ಲ. ಕೊನೆಗೆ ಸ್ಟವ್ ಹಚ್ಚಲು ಹೋದರೂ ಕೈಯಿಂದ ಬೆಂಕಿಪೊಟ್ಟಣ ಕಿತ್ತುಕೊಂಡು, "ಸುಟ್ಕೋತೀಯ, ಕೊಡು" ಎನ್ನುತ್ತಿದ್ದ. ಅವಳು ಬೇಡ ಎಂದರೆ ನಗುತ್ತಿದ್ದ. ಮಕ್ಕಳ ಮಾತಿಗೆ ನಕ್ಕ ಹಾಗೆ. ವರ್ಷಗಳು ಕಳೆದಂತೆ ಅವಳಿಗೇ ಅನುಮಾನ ಬರತೊಡಗಿತು. ನಿಜವಾಗಿ ನನ್ನಿಂದ ಏನೂ ಆಗುವುದಿಲ್ಲವೇನೋ...

ಅದು ಸುಳ್ಳೆಂದು ತನಗೆ ತಾನೇ ತೋರಿಸಿಕೊಳ್ಳಲು ಆ ಮನೆ ಬಿಟ್ಟಳು. ಅಕ್ಕನ ಮನೆಯ ಮಾಳಿಗೆ ಕೋಣೆಗೆ ಬಂದಳು. ಯೋಗ ಕಲಿತು, ಕಲಿಸುವುದನ್ನು ಕಲಿತು, ನಲವತ್ತರ ಹತ್ತಿರ ಬಂದು ಮೊದಲ ಸಲ ತನ್ನ ಕಾಲ ಮೇಲೆ ನಿಂತಿದ್ದಳು. ಇನ್ನು ಯಾರಿಗೂ ಅವಳು 'ಪಾಪ' ಆಗುವುದಿಲ್ಲ. ಇದೊಂದು ಹಟ ಮಾತ್ರ ಅವಳದು.

ಎರಡನೇ ಜಾಗದಲ್ಲಿ ನಡೆಯುತ್ತಾ ನಡೆಯುತ್ತಾ ವಾರಗಳು ಉರುಳಿದವು.

ದಾರಿ ಕಿರಿದು, ಒಬ್ಬರ ಹಿಂದೆ ಒಬ್ಬರು ಮಾತ್ರ ಹೋಗಬಹುದು. ಅವಳ ಕಣ್ಣಿಗೆ ಕಾಣುತ್ತಿದ್ದದ್ದು ಅವನ ಬೆನ್ನು ಮಾತ್ರ. ಬಿಸಿಲಿಗೆ ಕಂದಿದ ಕತ್ತು. ಬೇರೆ ಬಣ್ಣದ ದಾರದಲ್ಲಿ ಹೊಲಿದ ಬ್ಯಾಗಿನ ಪಟ್ಟಿ. ಅಲುಗಾಡುವ ಕಲ್ಲು ಸಿಕ್ಕರೆ ಅವನು ಕೋಲಿನಿಂದ ಅದರ ಮೇಲೆ ಟಕ್ ಟಕ್ ಎನಿಸುತ್ತಿದ್ದ. ಅವಳು ಅದನ್ನು ದಾಟಿ, ತನ್ನ ಹಿಂದಿನವರಿಗೆ "ಕಲ್ಲು" ಎನ್ನುತ್ತಿದ್ದಳು. ಬರಬರುತ್ತಾ ಅವನು ಟಕ್ ಎನಿಸುವ ಮೊದಲೇ ಅವಳಿಗೆ ಆ ಕಲ್ಲು ಗೊತ್ತಾಗುತ್ತಿತ್ತು.

ಮುಖ ನೋಡದೆ ಮಾತಾಡುವುದು ಎಷ್ಟು ಸುಲಭ! ಅಕ್ಕನಿಗೂ ಪೂರ್ತಿ ಹೇಳದ ಮಾತುಗಳನ್ನು ಅವಳು ಒಂದು ಬೆಳಗ್ಗೆ ಆ ಬೆನ್ನಿಗೆ ಹೇಳಿಬಿಟ್ಟಳು. ಗಾಡಿ, ಬ್ಯಾಂಕು, ರೈಲು, ಎಲ್ಲಾ.

ಅವನು ಮುಂದಿನ ಕಲ್ಲಿನ ಮೇಲೆ ಟಕ್ ಟಕ್ ಎನಿಸಿದ.

"ಬೆಂಕಿಪೊಟ್ಟಣಾನೂ?" ಎಂದ.

"ಹೂಂ. ಅದೂ."

ಅವತ್ತು ನೆತ್ತಿಯಲ್ಲಿ ಗಾಳಿ ಜೋರಾಗಿತ್ತು. ಚಹಾದ ಸ್ಟವ್ ಹಚ್ಚುವುದು ಯಾವಾಗಲೂ ಗೈಡ್‌ನ ಕೆಲಸ. ಆದರೆ ಅವತ್ತು ಅವನು ನೇರವಾಗಿ ಬಂದು ಅವಳ ಅಂಗೈಯಲ್ಲಿ ಬೆಂಕಿಪೊಟ್ಟಣ ಇಟ್ಟ.

"ನೀವು ಹಚ್ಚಿ."

"ಗಾಳಿ ಇದೆ..."

"ಇದೆ," ಎಂದು ಹೇಳಿ ಹೊರಟೇ ಹೋದ. ಅಡ್ಡ ನಿಲ್ಲಲಿಲ್ಲ, ಮರೆ ಹಿಡಿಯಲಿಲ್ಲ.

ಕಡ್ಡಿಗಳು ಒಂದರ ಹಿಂದೆ ಒಂದು ಆರಿಹೋದವು. ಅವಳು ಗಾಳಿಗೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂತು, ಎರಡೂ ಅಂಗೈ ಗೂಡು ಮಾಡಿ ಗೀರಿದಳು. ಭುಸ್ಸೆಂದು ನೀಲಿ ಉರಿ ಎದ್ದಿತು! ತಲೆಯೆತ್ತಿ ನೋಡಿದರೆ, ಬಂಡೆಯ ಆ ತುದಿಯಲ್ಲಿ ಬ್ಯಾಗು ಬಿಚ್ಚುತ್ತಿದ್ದ ಅವನು ತಿರುಗಿ ನೋಡದೆಯೇ ನಗುತ್ತಿದ್ದ. ಕೆನ್ನೆಯ ಅಂಚು ಮಾತ್ರ ಕಾಣುತ್ತಿತ್ತು. ಆದರೂ ಅದು ನಗು ಎಂದು ಅವಳಿಗೆ ಗೊತ್ತಾಯಿತು.

ಅವತ್ತಿನಿಂದ ಶನಿವಾರ ಬಂದರೆ ಸಾಕು, ಅವಳ ಕೈ ತಾನಾಗಿ ಬೂಟಿನ ಧೂಳು ಒರೆಸುತ್ತಿತ್ತು. ನುಣುಪು ಶೂ ಮೂಲೆ ಸೇರಿ, ಗಟ್ಟಿ ಬೂಟು ಬಂದು ಬಹಳ ದಿನವಾಗಿತ್ತು. ಉಸಿರು ಕಟ್ಟುತ್ತಿರಲಿಲ್ಲ, ಕಾಲು ನಡುಗುತ್ತಿರಲಿಲ್ಲ.

'ಆದ್ರೂ ನನ್ನನ್ನ ತನ್ನ ಹಿಂದೇನೇ ಇಟ್ಕೊಂಡಿದ್ದಾನೆ. ಹೊಸಬರು ಎಷ್ಟೋ ಜನ ಬಂದ್ರೂ ಆ ಜಾಗ ಬದಲಾಯಿಸಿಲ್ಲ. ಅಂದ್ರೆ...'

ಆ 'ಅಂದ್ರೆ'ಯ ಮುಂದೆ ಅವಳು ಹೋಗುತ್ತಿರಲಿಲ್ಲ. ಅಲ್ಲಿಯವರೆಗೆ ಹೋಗಿ ನಿಲ್ಲುವುದರಲ್ಲೇ ಒಂದು ಸುಖವಿತ್ತು.

ಒಂದು ವಿಷಯ ಮಾತ್ರ ಯಾರಿಗೂ ಕಾಣದಂತೆ ನಡೆಯುತ್ತಿತ್ತು. ಅವಳು ಎಲ್ಲರನ್ನೂ ಕೇಳಿ ತಿದ್ದುತ್ತಿದ್ದಳು, ಅವನೊಬ್ಬನನ್ನು ಬಿಟ್ಟು. ಅವನ ಬಾಳೆಗಿಡ ವಾರವಾರವೂ ಹಾಗೇ ತೂಗಾಡುತ್ತಿತ್ತು.

*

ಜನ ಹೆಚ್ಚಾಗಿ ತಂಡ ಎರಡಾಯಿತು. ಎರಡನೆಯದಕ್ಕೆಂದು ಒಬ್ಬ ಹುಡುಗಿ ಹೊಸ ಗೈಡ್ ಆಗಿ ಬಂದಳು. ಚುರುಕು, ನೇರ ಮಾತು. ಒಂದು ಭಾನುವಾರ ಅವನ ಜೊತೆ ನಡೆದು ನೋಡಿದಳು. ಮುಂದಿನ ಭಾನುವಾರ ಅವನು ಇನ್ನೊಂದು ತಂಡ ಕರೆದುಕೊಂಡು ಹೋಗಿದ್ದರಿಂದ ಇವರಿಗೆ ಅವಳೇ ಮುಂದಾಳು.

ಬೆಟ್ಟದ ಬುಡದಲ್ಲಿ ಸಾಲು ನಿಲ್ಲಿಸುತ್ತಾ ಹೊಸ ಗೈಡ್ ಹೇಳಿದಳು.

"ಮೇಡಂ, ನೀವು ಎರಡನೇ ಜಾಗ ಅಲ್ವಾ? ಬನ್ನಿ ಬನ್ನಿ. ನಿಮಗೇನು ತೊಂದರೆ? ಉಸಿರಿಂದಾ, ಮಂಡೀದಾ? ಹೇಳಿದ್ರೆ ನಂಗೆ ನಿಗಾ ಇಡೋಕೆ ಸುಲಭ."

"ತೊಂದರೇನಾ? ನಂಗೇನಿಲ್ಲ."

"ಸಂಕೋಚ ಬೇಡ ಮೇಡಂ! ಗೈಡ್ ಬೆನ್ನ ಹಿಂದಿನ ಜಾಗ ಯಾವಾಗಲೂ ಎಲ್ಲರಿಗಿಂತ ಕಷ್ಟಪಡೋರಿಗೆ. ಅವರ ವೇಗಕ್ಕೆ ಇಡೀ ಸಾಲು ನಡೀಬೇಕು ಅಂತ. ನಮಗೆ ಕಲಿಸೋ ಮೊದಲನೇ ಪಾಠಾನೇ ಅದು. ಹೋದ ವಾರ ಸರ್ ನಿಮ್ಮನ್ನ ಅಲ್ಲಿಟ್ಟಿದ್ರಲ್ಲ, ನೋಡಿದೆ."

ಪಾಪ, ಆ ಹುಡುಗಿಯ ದನಿಯಲ್ಲಿ ಕಾಳಜಿ ಬಿಟ್ಟು ಬೇರೇನೂ ಇರಲಿಲ್ಲ.

ಅವಳ ಕಿವಿಯಲ್ಲಿ ಮಾತ್ರ ಹಳೆಯ ದನಿಯೊಂದು ಎದ್ದು ಕೂತಿತು. 'ನಿಂಗಾಗಲ್ಲ, ಬಿಡು...'

ಅವತ್ತು ಬೆಟ್ಟ ಹೇಗೆ ಹತ್ತಿದಳೋ! ಇಷ್ಟು ದಿನ ತಾನು ಯಾವುದನ್ನು ಒಲವು ಎಂದು ತಿಳಿದು ಎದೆಗವಚಿಕೊಂಡಿದ್ದಳೋ, ಅದು ಬಲವಿಲ್ಲದವಳ ಮೇಲಿಟ್ಟ ನಿಗಾ! ಅವಳನ್ನು ಅವನು ಪ್ರತಿ ವಾರ ಎಲ್ಲರ ಕಣ್ಣೆದುರು 'ಇವಳಿಗೆ ಆಗಲ್ಲ' ಎಂದು ನಿಲ್ಲಿಸುತ್ತಿದ್ದ. ಅವಳು ನಾಚಿಕೊಂಡು ನಿಲ್ಲುತ್ತಿದ್ದಳು!

'ಬೆಂಕಿಪೊಟ್ಟಣ ಕೊಟ್ಟನಲ್ಲ...' ಎಂದಿತು ಮನಸ್ಸು.

'ಅದೂ ಕನಿಕರವೇ' ಎಂದು ಅದರ ಬಾಯಿ ಮುಚ್ಚಿದಳು.

*

ಮುಂದಿನ ಭಾನುವಾರ ಅವನು ಮರಳಿ ಬಂದಾಗ ಅವಳು ಸಾಲಿನ ಕಟ್ಟಕಡೆಗೆ ಹೋಗಿ ನಿಂತಿದ್ದಳು.

ಅವನು ಅಲ್ಲಿಯವರೆಗೆ ನಡೆದು ಬಂದ.

"ಮುಂದೆ ಬರಲ್ವಾ?"

"ಇಲ್ಲ. ಕಷ್ಟಪಡೋರು ಯಾರಾದ್ರೂ ಇದ್ರೆ ಅವರಿಗೆ ಕೊಡಿ ಆ ಜಾಗ. ನಂಗೆ ಬೇಡ."

ಅವನು ಕೋಲು ನೆಲಕ್ಕೂರಿದ. ಅವಳ ಮುಖವನ್ನೇ ಒಂದು ಗಳಿಗೆ ನೋಡಿದ. ಆಮೇಲೆ ಅದೇ ಹಳೆಯ ಮಾತು.

"ಸರಿ."

ಮೊದಲ ದಿನ ಅವಳ ಎದೆಯಲ್ಲಿ ಹೋಗಿ ಕೂತಿದ್ದ 'ಸರಿ' ಅದು. ಇಂದು ಅದೇ ಮುಳ್ಳಾಗಿ ಚುಚ್ಚಿತು. ಒಂದು ಸಲವಾದರೂ ಯಾಕೆ ಎಂದು ಕೇಳಬಾರದಾ? ಅಷ್ಟೂ ಬೇಡವಾದೆನಾ?

ಊರಿನ ದೊಡ್ಡ ಆಸ್ಪತ್ರೆಯವರು ಆಗಲೇ ಅವಳನ್ನು ಕೇಳಿದ್ದರು. ಭಾನುವಾರ ಬೆಳಗ್ಗೆ ಅಲ್ಲಿ ಯೋಗ ಹೇಳಿಕೊಡಬೇಕು. ಒಳ್ಳೆಯ ಹಾಲ್, ಒಳ್ಳೆಯ ಹೆಸರು. ಬೆಟ್ಟದ ಕಾರಣಕ್ಕೆ ಅವಳು ಉತ್ತರ ಹೇಳದೆ ಎಳೆದಿದ್ದಳು. ಇನ್ನು ಎಳೆಯಲು ಏನು ಉಳಿದಿದೆ?

"ನಾಳೆ ಆಸ್ಪತ್ರೆಗೆ ಹೂಂ ಅಂತೀನಿ ಅಕ್ಕ," ಎಂದಳು ಮರುವಾರ, ಶನಿವಾರ ಸಂಜೆ. "ನಾಳೇದೇ ಕೊನೆ ಬೆಟ್ಟ."

ಅಕ್ಕ ಬ್ರೆಡ್ಡುಗಳನ್ನು ಬುಟ್ಟಿಗೆ ಜೋಡಿಸುತ್ತಿದ್ದಳು.

"ಗುಡ್ಡಪ್ಪಂಗೆ ಹೇಳಿದ್ಯಾ?"

"ಹೇಳಿದ್ರೆ 'ಸರಿ' ಅಂತಾನೆ."

"ನೀನೇನು ಕೇಳಿದೆ, ಅವನು ಸರಿ ಅನ್ನೋಕೆ?"

"ನಾನ್ಯಾಕೆ ಕೇಳ್ಲಿ?"

"ಹೌದು ಹೌದು. ಬೆಟ್ಟದ ಮೇಲೆ ಊರವರನ್ನೆಲ್ಲ ಮುಟ್ಟಲಾ ಮುಟ್ಟಲಾ ಅಂತ ಕೇಳೋಳು, ಕೇಳ್ಬೇಕಾದವನ್ನ ಮಾತ್ರ ಯಾಕೆ ಕೇಳ್ಲಿ?" ಅಕ್ಕ ಬುಟ್ಟಿಯ ಮೇಲೆ ಬಟ್ಟೆ ಹೊದಿಸಿದಳು. "ಇಬ್ಬರೂ ಸೇರಿ ನನ್ನ ತಲೆ ತಿನ್ನೋ ಬದಲು ಬ್ರೆಡ್ಡಾದ್ರೂ ತಿನ್ನಿ."

*

ಕೊನೆಯ ಬೆಟ್ಟವನ್ನೂ ಅವಳು ಸಾಲಿನ ಕಡೆಯಲ್ಲೇ ಹತ್ತಿದಳು. ಅವತ್ತು ಹೊಸ ಗೈಡೂ ತಂಡದ ಜೊತೆಗಿದ್ದಳು. ಯೋಗ ಮುಗಿಸಿ, ಎಲ್ಲರಿಗೂ ಕೈಮುಗಿದು, "ಇದು ನನ್ನ ಕೊನೇ ಕ್ಲಾಸು," ಎಂದಳು. ಅಯ್ಯೋ, ಛೇ, ಯಾಕೆ ಟೀಚರ್ ಎಂದು ಗದ್ದಲವೆದ್ದಿತು. ಬಂಡೆಯ ತುದಿಯಲ್ಲಿ ಸ್ಟವ್ ಹಚ್ಚುತ್ತಿದ್ದವನ ಕೈಯಲ್ಲಿ ಕಡ್ಡಿ ಉರಿದು ಬೆರಳಿಗೆ ಬಂತು. ಅವನು ಅದನ್ನು ಕೊಡವಿದ್ದನ್ನು ಅಕ್ಕ ನೋಡಿದಳು, ಅವಳು ನೋಡಲಿಲ್ಲ.

ತಟ್ಟೆ ಹಿಡಿದು ಒಂಟಿಯಾಗಿ ಕೂತವಳ ಪಕ್ಕಕ್ಕೆ ಹೆಡ್‌ಮಾಸ್ಟರು ಬಂದು ನಿಧಾನವಾಗಿ ಕೂತರು. ಕೆಲಸದಿಂದ ನಿವೃತ್ತರು. ಎರಡೂ ಮಂಡಿಗೆ ಆಪರೇಷನ್ ಮಾಡಿಸಿಕೊಂಡವರು. ಅವಳು ತಂಡಕ್ಕೆ ಸೇರಿದ ಎಷ್ಟೋ ವಾರಗಳ ಮೇಲೆ ಕೋಲೂರಿಕೊಂಡು ಬಂದು, ಅಂದಿನಿಂದ ಅವಳ ಹಿಂದೆ ಮೂರನೆಯವರಾಗಿ ಹತ್ತುತ್ತಿದ್ದವರು.

"ಏನಮ್ಮಾ ಟೀಚರಮ್ಮ, ಹೊರಡೋದೇ ಆದ್ರೆ ಒಂದು ನ್ಯಾಯ ಹೇಳಿ ಹೋಗಿ."

"ಏನು ಸರ್?"

"ಎರಡನೇ ಜಾಗ ಯಾರಿಗೆ ಸೇರಬೇಕಾದ್ದು? ಕಷ್ಟಪಡೋರಿಗೆ. ಹೌದೋ ಅಲ್ವೋ? ಈ ತಂಡದಲ್ಲಿ ನನ್ನಷ್ಟು ಕಷ್ಟಪಡೋರು ಯಾರಿದ್ದಾರೆ? ನನ್ನ ಮಂಡಿ ನೋಡಿ, ಕಾರ್ಖಾನೇದು!"

ಅವಳು ನಗಲಾರದೆ ನಕ್ಕಳು.

"ಬಂದ ಮೊದಲನೇ ದಿನಾನೇ ಕೇಳಿದೆ. ಗುಡ್ಡಪ್ಪ, ನಂಗೆ ನಿನ್ನ ಹಿಂದಿನ ಜಾಗ ಕೊಡಪ್ಪ ಅಂತ. ಏನಂದ ಗೊತ್ತಾ? 'ಅದು ಖಾಲಿ ಇಲ್ಲ ಸರ್. ನೀವು ಟೀಚರ್ ಹಿಂದೆ ಬನ್ನಿ. ಅವರು ಕಾಲು ಇಟ್ಟ ಕಡೆ ನಿಮ್ಮ ಕಾಲು ಇಡಿ. ನನಗಿಂತ ಚೆನ್ನಾಗಿ ಹೆಜ್ಜೆ ಇಡ್ತಾರೆ ಅವರು' ಅಂದ."

ಅವಳ ಕೈಯಲ್ಲಿದ್ದ ಬ್ರೆಡ್ಡು ತಟ್ಟೆಗೆ ಮರಳಿತು.

"ಹಾಗಂದ್ರಾ?"

"ಹಾಗೇ ಅಂದ. ನಾನೂ ಹಾಗೇ ಹತ್ತಿದ್ದು. ನಿಮ್ಮ ಹಿಮ್ಮಡಿ ನೋಡ್ಕೊಂಡೇ ಈ ಬೆಟ್ಟ ನಂಗೆ ದಕ್ಕಿದ್ದು ತಾಯಿ. ಸರಿ, ಹೋದ ವಾರ ನೀವು ಹಿಂದೆ ಹೋದ್ರಿ. ಜಾಗ ಖಾಲಿ ಆಯ್ತಲ್ಲ ಅಂತ ನಾನು ಹೋಗಿ ನಿಂತೆ. ಮತ್ತೆ ಅದೇ ರಾಗ! 'ಸರ್, ಅದು ಖಾಲಿ ಇಲ್ಲ.' ಕಣ್ಣೆದುರಿಗೆ ಖಾಲಿ ಇದೆ ಕಣಯ್ಯಾ ಅಂದೆ. ತಲೆ ತಗ್ಗಿಸಿ, 'ಇಲ್ಲ ಸರ್' ಅಂದ. ಇವತ್ತೂ ಅಷ್ಟೇ. ಬೆನ್ನ ಹಿಂದೆ ಒಂದಾಳಿನಷ್ಟು ಜಾಗ ಬಿಟ್ಕೊಂಡು ಹತ್ತಿದ. ಅಲುಗೋ ಕಲ್ಲು ಸಿಕ್ರೆ ಟಕ್ ಟಕ್ ಅಂತ ಬೇರೆ ಕುಟ್ತಾನೆ, ಬೆನ್ನ ಹಿಂದೆ ಯಾರೂ ಇಲ್ಲದಿದ್ರೂ! ಅವನಿಗೇನು ಬುದ್ಧಿ ನೆಟ್ಟಗಿದೆಯಾ?"

ಅವಳು ಎದ್ದಳು. ಕಣ್ಣು ಮಂಜಾಗಿತ್ತು, ಆದರೆ ಹೆಜ್ಜೆ ಗಟ್ಟಿಯಾಗಿತ್ತು.

"ನಿಮ್ಮ ಬ್ರೆಡ್ಡು?" ಎಂದರು ಹೆಡ್‌ಮಾಸ್ಟರು.

"ನೀವು ತಿನ್ನಿ ಸರ್!"

*

ಅವನು ಬಂಡೆಯ ಆಚೆ ತುದಿಯಲ್ಲಿ ಚಹಾದ ಪಾತ್ರೆ ತೊಳೆಯುತ್ತಿದ್ದ. ಅವಳ ಬೂಟಿನ ಸದ್ದಿಗೇ ಅವನ ಕೈ ನಿಂತಿತು.

"ಒಂದು ಕೇಳ್ತೀನಿ, ನೇರವಾಗಿ ಹೇಳಿ," ಎಂದಳು. "ನನ್ನನ್ನ ಯಾಕೆ ಎರಡನೇ ಜಾಗದಲ್ಲಿಟ್ರಿ?"

ಅವನು ಪಾತ್ರೆ ಕೆಳಗಿಟ್ಟ. ಎದ್ದು ನಿಂತ. ಬೆನ್ನಲ್ಲ, ಈ ಸಲ ಪೂರ್ತಿ ಮುಖ.

"ಮೊದಲು ನಿಮ್ಮ ಶೂ ಕಾರಣ. ಆಮೇಲೆ..." ತಡವರಿಸಿದ. "ಆಮೇಲೆ ನಾನು ಕಾರಣ."

"ಬಿಡಿಸಿ ಹೇಳಿ."

"ನೀವು ಗಟ್ಟಿ ಬೂಟು ಹಾಕ್ಕೊಂಡು ಬಂದ ದಿನಾನೇ ನಿಮ್ಮನ್ನ ಹಿಂದೆ ಕಳಿಸ್ಬೇಕಿತ್ತು. ನನ್ನ ಕೆಲಸದ ನಿಯಮ ಅದು. ಅವತ್ತು ಬೆಳಗ್ಗೆ ಹೇಳೋಣ ಅಂತ ತಿರುಗಿದೆ. ನೀವು ಹಿಂದಿನೋರಿಗೆ 'ಕಲ್ಲು' ಅಂತ ಹೇಳ್ತಾ ಇದ್ರಿ. ನಾನು ಇನ್ನೂ ಟಕ್ ಅನ್ಸಿರಲಿಲ್ಲ." ಅವನು ನಕ್ಕ, ತನ್ನನ್ನೇ ಹಾಸ್ಯ ಮಾಡಿಕೊಂಡ ಹಾಗೆ. "ಕಳಿಸೋಕೆ ಆಗ್ಲಿಲ್ಲ. ವಾರಪೂರ್ತಿ ನಾನು ಕಾಯೋದು ನನ್ನ ಹಿಂದೆ ಬರೋ ಆ ಒಂದು ಹೆಜ್ಜೆ ಸದ್ದಿಗೆ. ಕಷ್ಟಪಡೋರ ಜಾಗ ಅಂತಾರೆ ಅದನ್ನ... ನೀವು ಅದನ್ನ ಬಿಟ್ಟು ಹೋದ ಮೇಲೆ ಕಷ್ಟಪಟ್ಟಿದ್ದು ನಾನು."

ಗಾಳಿ ಬೀಸಿ ಅವಳ ಕೂದಲನ್ನು ಮುಖಕ್ಕೆ ತಂದಿತು. ಅವಳು ಸರಿಸಿಕೊಳ್ಳಲಿಲ್ಲ.

"ಮತ್ತೆ ನಾನು ಬೇಡ ಅಂದಾಗ ಸುಮ್ನೆ ಸರಿ ಅಂದ್ರಲ್ಲ?"

"ನಿಮ್ಮ 'ಬೇಡ'ಕ್ಕೆ ಯಾರೂ ಬೆಲೆ ಕೊಟ್ಟಿರಲಿಲ್ಲ ಅಂತ ನೀವೇ ಹೇಳಿದ್ರಿ. ನಾನೂ ಹಾಗೆ ಆಗಬಾರದು ಅನ್ನಿಸ್ತು. ಬೆಟ್ಟದಲ್ಲಿ ನಾವು ಯಾರನ್ನೂ ಕೇಳದೆ ಎಳೆಯಲ್ಲ. ಎಳೆದ್ರೆ ಇಬ್ಬರೂ ಉರುಳ್ತಾರೆ."

"ಎಳೀಬೇಡಿ. ಆದ್ರೆ ಇನ್ನೊಂದು ಸಲ ನಾನು ಬೇಡ ಅಂದ್ರೆ, ಸರಿ ಅನ್ನೋ ಮೊದಲು 'ಯಾಕೆ' ಅಂತ ಕೇಳಿ. ಅಷ್ಟು ಕೇಳಿದ್ದಿದ್ರೆ ನಾನು ಒಂದು ವಾರ ಅಳೋದು ತಪ್ತಿತ್ತು!"

"ಅತ್ರಾ?" ಎಂದ ಅವನು.

"ಅತ್ತೆ. ಏನೀಗ?"

ಇಬ್ಬರ ಕಣ್ಣಲ್ಲೂ ನೀರು, ಇಬ್ಬರ ತುಟಿಯಲ್ಲೂ ನಗು. ಆಮೇಲೆ ಅವನೇ ಮೆಲ್ಲಗೆ ಕೇಳಿದ.

"ನಾನೂ ಒಂದು ಕೇಳ್ಬಹುದಾ? ನೀವು ಈ ಬಂಡೆ ಮೇಲೆ ಎಲ್ಲರನ್ನೂ ತಿದ್ದಿದ್ರಿ. ನನ್ನೊಬ್ಬನ್ನ ಬಿಟ್ಟು. ಯಾಕೆ?"

ಅವಳ ಕಿವಿಯವರೆಗೂ ರಕ್ತ ನುಗ್ಗಿತು. ತಲೆ ತಗ್ಗಿಸಬಹುದಿತ್ತು. ತಗ್ಗಿಸಲಿಲ್ಲ.

"ಮೊದಲ ದಿನ ಸಿಟ್ಟಿಗೆ. ಆಮೇಲೆ ಭಯಕ್ಕೆ. ನಿಮ್ಮನ್ನ ಮುಟ್ಟಿದ್ರೆ ನನ್ನ ಕೈ ನಡುಗುತ್ತೆ, ನಿಮಗೆ ಗೊತ್ತಾಗಿಬಿಡುತ್ತೆ ಅಂತ ಭಯ." ಉಸಿರೆಳೆದುಕೊಂಡಳು. "ನಿಂತ್ಕೊಳ್ಳಿ."

"ಏನು?"

"ವೃಕ್ಷಾಸನ. ನಿಂತ್ಕೊಳ್ಳಿ."

"ಈಗ್ಲಾ?"

"ಈಗ್ಲೇ. ಟೀಚರ್ ಹೇಳಿದ್ಮೇಲೆ ಮಾತಿಲ್ಲ."

ಅವನು ಒಂಟಿ ಕಾಲಲ್ಲಿ ನಿಂತ. ಎಂದಿನಂತೆ ತೂಗಾಡಿದ.

"ಮುಟ್ಟಲಾ?" ಎಂದಳು.

"ಹೂಂ."

ಅವನ ಭುಜದ ಮೇಲೆ ಒಂದು ಕೈ, ಬೆನ್ನಿನ ಮೇಲೆ ಒಂದು ಕೈ ಇಟ್ಟಳು. ಇಷ್ಟು ದಿನ ನೋಡಿ ನೋಡಿ ಬಾಯಿಪಾಠವಾಗಿದ್ದ ಬೆನ್ನು. ಕೈ ನಡುಗಿತು. ಅವನಿಗೆ ಗೊತ್ತಾಯಿತು. ಗೊತ್ತಾಗಲಿ ಎಂದು ಅವಳು ತೆಗೆಯಲಿಲ್ಲ. ಬಾಳೆಗಿಡ ನಿಧಾನವಾಗಿ ಮರವಾಗಿ ನಿಂತಿತು.

"ಉಸಿರು ಬಿಡಿ," ಎಂದಳು ಮೆತ್ತಗೆ.

"ಮರೆತೇ ಹೋಗಿತ್ತು."

ವ್ಯಾನಿನ ಕಡೆಯಿಂದ ಹಾರ್ನ್ ಮೊಳಗಿತು. ಅಕ್ಕ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿದ್ದಳು.

"ಲೇ ಪುಟ್ಟಿ! ಮಂಡಿನೋವಿನೋರನ್ನೆಲ್ಲ ವ್ಯಾನಲ್ಲಿ ಕರ್ಕೊಂಡು ಹೋಗ್ತಾ ಇದ್ದೀನಿ. ಉಳಿದೋರು ಹೊಸ ಗೈಡ್ ಜೊತೆ ಇಳೀತಿದ್ದಾರೆ. ನೀನು ಬರ್ತೀಯಾ, ಇಲ್ಲಾ ಅಲ್ಲೇ ಗಿಡ ನೆಡ್ತಾ ಇರ್ತೀಯಾ?"

"ನಡ್ಕೊಂಡು ಬರ್ತೀನಿ, ಹೋಗೇ!"

"ಆಸ್ಪತ್ರೆಯವರಿಗೆ?"

"ಭಾನುವಾರ ಬಿಟ್ಟು ಯಾವ ದಿನ ಬೇಕಾದ್ರೂ ಬರ್ತೀನಿ ಅಂತ ನಾನೇ ಹೇಳ್ತೀನಿ. ಬೇಕಿದ್ರೆ ಒಪ್ಕೊಳ್ಲಿ!"

ವ್ಯಾನು ಧೂಳೆಬ್ಬಿಸಿಕೊಂಡು ಹೋಯಿತು. ಹಿಂದಿನ ಸೀಟಿನಿಂದ ಹೆಡ್‌ಮಾಸ್ಟರರ ಕೋಲೊಂದು ಟಾಟಾ ಮಾಡಿತು.

*

ಇಳಿಯುವಾಗ ಅವನು ಮುಂದೆ, ಅವಳು ಹಿಂದೆ. ನಡುವೆ ಯಾರೂ ಇಲ್ಲ, ಹಿಂದೆಯೂ ಯಾರೂ ಇಲ್ಲ. ಟಕ್ ಟಕ್. "ಗೊತ್ತು," ಎನ್ನುವಳು. ಮತ್ತೆ ಟಕ್ ಟಕ್. "ಗೊತ್ತೂ ರೀ!"

ಮೊದಲ ದಿನ ಅವಳು ಬಿದ್ದ ಬಂಡೆ ಬಂತು. ಅವನು ಒಂದು ಹೆಜ್ಜೆ ಕೆಳಗಿಳಿದು, ಬೂಟನ್ನು ಅದೇ ಸೀಳಿಗೆ ಊರಿ, ತಿರುಗಿದ.

"ಕೈ ಬೇಕಾ?"

"ಬೇಡ."

"ಸ..." ಎಂದವನು ತಡೆದ. ತುಟಿ ಮುಚ್ಚಿಕೊಂಡ. ಆಮೇಲೆ ತುಂಬಾ ಎಚ್ಚರದಿಂದ, ಹೊಸ ಆಸನ ಕಲಿಯುವವನ ಹಾಗೆ ಕೇಳಿದ. "ಯಾಕೆ?"

ಅವಳು ಆ ಬಂಡೆಯನ್ನು ತಾನೇ ಸಲೀಸಾಗಿ ಇಳಿದು ಅವನನ್ನು ದಾಟಿ ಮುಂದೆ ಹೋದಳು. ಏರುತಗ್ಗು ಮುಗಿದು, ಬೆಟ್ಟದ ಬುಡದ ಅಗಲ ಮಣ್ಣು ರಸ್ತೆ ಸಿಗುವವರೆಗೆ ತಿರುಗಿ ನೋಡಲಿಲ್ಲ. ಅಲ್ಲಿ ಕಲ್ಲಿಲ್ಲ, ಇಳಿಜಾರಿಲ್ಲ. ಕಣ್ಣು ಮುಚ್ಚಿ ನಡೆದರೂ ಯಾರೂ ಬೀಳುವಂತಿರಲಿಲ್ಲ.

ಅಲ್ಲಿ ನಿಂತು ಕೈ ಚಾಚಿದಳು.

"ಈಗ ಕೊಡಿ."

"ಇಲ್ಲಿ ಯಾಕೆ? ಇಲ್ಲಿ ಬೀಳಲ್ವಲ್ಲ..."

"ಅದಕ್ಕೇ," ಎಂದಳು ಅವಳು. "ಬೀಳ್ತೀನಿ ಅಂತ ಹಿಡ್ಕೊಂಡೋರು ಆಗಿ ಹೋದ್ರು. ನೀವು ಸುಮ್ನೆ ಹಿಡ್ಕೊಳ್ಳಿ."

ಅವನು ಬಂದು ಪಕ್ಕದಲ್ಲಿ ನಿಂತ. ಚಹಾ ಪಾತ್ರೆಯ ಮಸಿ ಇನ್ನೂ ಉಳಿದಿದ್ದ ಕೈಯನ್ನು ಅಂಗಿಗೆ ಒರೆಸಿಕೊಂಡು, ಅವಳ ಕೈಯಲ್ಲಿಟ್ಟ.

"ಎಲ್ಲೀವರೆಗೆ?" ಎಂದ.

"ದಾರಿ ಅಗಲ ಇರೋವರೆಗೆ."

"ಕಿರಿದಾದ್ರೆ?"

"ಕಿರಿದಾದ್ರೆ ನಿಮ್ಮ ಹಿಂದೆ ಬರ್ತೀನಿ. ಆ ಜಾಗ ನಂದಲ್ವಾ?"

"ನಿಮ್ದೇ," ಎಂದ ಅವನು. "ಖಾಲಿ ಇಲ್ಲ ಅಂತ ಊರಿಗೆಲ್ಲ ಹೇಳಿದ್ದೀನಿ."